ಅಪ್ಪನ ಹೆಸರಿನ ಚೌಕ

ಸತ್ತ ಮೇಲೂ ಹೆಸರು ಉಳಿಯಬೇಕೆಂದು ಆಸೆಪಡುವವರಲ್ಲಿ ನನ್ನದೊಂದು ವಿನಂತಿ. ದಯವಿಟ್ಟು ಅದನ್ನು ಡೊಂಬಿವಲಿಯ ರಸ್ತೆ ಬದಿಯಲ್ಲಿ ಉಳಿಸಿಕೊಳ್ಳಲು ಹೋಗಬೇಡಿ. ಇಲ್ಲಿ ಎರಡು ಗಲ್ಲಿ ಕೂಡಿದಲ್ಲೆಲ್ಲ ಒಂದು ಚೌಕ, ಚೌಕಕ್ಕೊಬ್ಬ ಮಹನೀಯರು, ಮಹನೀಯರಿಗೊಂದು ಕಪ್ಪು ಕಲ್ಲು. ಅಂಥ ಕಲ್ಲೊಂದರಲ್ಲಿ ನನ್ನ ಅಪ್ಪ ಇದ್ದಾರೆ. ಉಡುಪಿಯಿಂದ ಬಂದು ಇಲ್ಲಿ ಹೋಟೆಲು ನಡೆಸಿದವರು. ಮಹಾಮಳೆಗೆ ರೈಲುಗಳು ನಿಂತುಹೋದಾಗ ಮನೆ ಸೇರಲಾಗದವರಿಗೆಲ್ಲ ಪುಕ್ಕಟೆ ಇಡ್ಲಿ ಬಡಿಸಿದರು. ಅವರು ತೀರಿಕೊಂಡ ಮೇಲೆ ನಗರಸೇವಕರೊಬ್ಬರು, ಅಂದರೆ ವಾರ್ಡಿನ ಕಾರ್ಪೊರೇಟರ್, ಅದನ್ನು ನೆನೆದು ‘ಅನಂತಯ್ಯ ಚೌಕ’ ಎಂದು ಕಲ್ಲು ನಿಲ್ಲಿಸಿದರು. ಕೆಳಗೆ ಅಪ್ಪನದಕ್ಕಿಂತ ದಪ್ಪ ಅಕ್ಷರದಲ್ಲಿ ತಮ್ಮ ಹೆಸರನ್ನೂ ಕೆತ್ತಿಸಿಕೊಂಡರು.

ಕಲ್ಲಿನ ಪಕ್ಕದಲ್ಲೇ ಒಂದು ಕಸದ ತೊಟ್ಟಿ ಇತ್ತು. ರಿಕ್ಷಾ ಹತ್ತಿ ‘ಅನಂತಯ್ಯ ಚೌಕ್’ ಎಂದರೆ ಚಾಲಕ ನನ್ನನ್ನು ಕಲ್ಯಾಣದಿಂದ ದಾರಿ ತಪ್ಪಿ ಬಂದವನಂತೆ ನೋಡುತ್ತಿದ್ದ. ಕೈ ತೋರಿಸಿ ವಿವರಿಸಿದರೆ, “ಅರೇ, ಕಚರಾ ಪೇಟಿ ಬೋಲೋ ನಾ!” ಎನ್ನುತ್ತಿದ್ದ. ಜೊತೆಯಲ್ಲಿದ್ದ ಅಮ್ಮನ ಮುಖ ಬಾಡುತ್ತಿತ್ತು.

“ಒಬ್ಬನ ಬಾಯಲ್ಲಾದ್ರೂ ಅವರ ಹೆಸರು ಬಂದದ್ದು ಕೇಳಿ ಸಾಯ್ಬೇಕು ಮಗಾ,” ಎಂದಳು ಒಮ್ಮೆ.

ಆ ಮಾತು ಎದೆಗೆ ನಾಟಿತು. ತೊಟ್ಟಿ ತೊಲಗಿದರೆ ಹೆಸರು ತಾನಾಗಿ ಬರುತ್ತದೆಂದು ನಂಬಿ, ರಜೆ ಹಾಕಿ ಹಾಕಿ ಮುನಿಸಿಪಾಲಿಟಿಗೆ ಅಲೆದೆ. ವಾಶಿಯ ಆಫೀಸಿನಲ್ಲಿ ಧಾರವಾಡದ ನಮ್ಮ ಸಾಹೇಬರು, “ಏನ್ರೀ, ಇವತ್ತೂ ಕಸದ ಕೆಲಸ ಏನು?” ಎಂದು ಕೇಳುವಷ್ಟಾಯಿತು. ಕೊನೆಗೂ ತೊಟ್ಟಿ ಹೋಯಿತು. ನಾನು ಕಲ್ಲು ತೊಳೆದು ಹಾರ ಹಾಕಿದೆ.

ಅಲ್ಲಿಂದ ಮುಂದೆ ಯಾರಿಗೂ ಆ ಜಾಗವೇ ಸಿಗದಂತಾಯಿತು. ಅಪ್ಪನ ಶ್ರಾದ್ಧಕ್ಕೆ ಬರಬೇಕಾದ ಭಟ್ಟರನ್ನು ರಿಕ್ಷಾದವನು ಮುಂದಿನ ಗಲ್ಲಿಯ ತೊಟ್ಟಿಯ ಬಳಿ ಇಳಿಸಿಹೋದ. ಬಿಸಿಲಲ್ಲಿ ಬೆಂದು ಮನೆ ಸೇರಿದ ಭಟ್ಟರನ್ನು ಕಂಡು ಅಮ್ಮ ಅತ್ತೇಬಿಟ್ಟಳು. “ತೊಟ್ಟಿ ಇದ್ದಾಗ ಜನ ಅವರ ಹತ್ರಕ್ಕಾದ್ರೂ ಬರ್ತಿದ್ರು. ನೀನು ಅದನ್ನೂ ತೆಗ್ಸಿದೆಯಲ್ಲ ಮಾರಾಯ!” ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಈಗ ಮನೆಗೆ ಯಾರೇ ಬರಲಿ, ನಾನೇ ಹೋಗಿ ಕಲ್ಲಿನ ಪಕ್ಕ ನಿಂತು ಕೈ ಬೀಸುತ್ತೇನೆ. ಮೊನ್ನೆ ಖಾರಘರದ ಚಿಕ್ಕಮ್ಮ ರಿಕ್ಷಾ ಇಳಿಯುವಾಗಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. “ಅನಂತಯ್ಯ ಚೌಕ್ ಅಂದ್ರೆ ಇವನಿಗೆ ತಲೆಬುಡ ತಿಳೀಲಿಲ್ಲ. ಪಕ್ಕದ ರಿಕ್ಷಾದವ ಹೇಳಿಕೊಟ್ಟ, ‘ಅರೇ ವಹೀ, ಜಹಾಂ ವೋ ಟಕಲಾ ಖಡಾ ರಹತಾ ಹೈ’ ಅಂತ!”

ಮೇಲೆ ಬಾಲ್ಕನಿಯಲ್ಲಿ ಅಮ್ಮ ಕಾದು ನಿಂತಿದ್ದಳು. “ಎಂತ ಮಗಾ, ರಿಕ್ಷಾದವ ಅವರ ಹೆಸರು ಹೇಳಿದ್ನಂತಾ?” ಎಂದು ಕೂಗಿ ಕೇಳಿದಳು.

“ಹೇಳಿದ್ನಂತೆ ಅಮ್ಮ,” ಎಂದೆ, ಬೋಳುತಲೆ ಸವರಿಕೊಳ್ಳುತ್ತ.