ಗುಂಡಯ್ಯ ಮೇಷ್ಟ್ರ ಡಿಜಿಟಲ್ ಪಾಠ

ಗುಂಡಯ್ಯ ಮೇಷ್ಟ್ರಿಗೆ ತರಬೇತಿಗಳ ಮೇಲೆ ದ್ವೇಷವೇನೂ ಇರಲಿಲ್ಲ. ಊಟ ಚೆನ್ನಾಗಿರುತ್ತದೆ, ಹಿಂದಿನ ಬೆಂಚಿನಲ್ಲಿ ಹಳೇ ಸ್ನೇಹಿತರು ಸಿಗುತ್ತಾರೆ. ಆದರೆ ಈ ಸಲದ ಐದು ದಿನದ ಡಿಜಿಟಲ್ ತರಬೇತಿ ಸಕಲೇಶಪುರದಲ್ಲಿ ಸೋಮವಾರವೇ ಶುರು. ಹೆಗ್ಗದ್ದೆಯ ಅವರ ಎರಡೆಕರೆ ತೋಟದಲ್ಲಿ ಕಾಫಿ ಕುಯ್ಲು ಕೂಡ ಅದೇ ಸೋಮವಾರ! ಅದಕ್ಕೆಂದೇ ರಜೆ ಹಾಕಿದ್ದರು. ಆಳು ಸಿಗದ ಈ ಕಾಲದಲ್ಲಿ ರಾಮಮ್ಮನ ಎಂಟು ಹೆಂಗಸರ ಗುಂಪನ್ನು ಕೈಕಾಲು ಹಿಡಿದು ಗೊತ್ತು ಮಾಡಿದ್ದರು.

ಬಚಾವಾಗಲು ಇದ್ದದ್ದು ಒಂದೇ ದಾರಿ. ತರಬೇತಿಯ ಉಸ್ತುವಾರಿ ಹೊತ್ತ ಹೇಮಶ್ರೀ ಮೇಡಂ, ಶನಿವಾರ ಸಂಜೆ ಐದರೊಳಗೆ ಒಳ್ಳೆಯ ವೀಡಿಯೋ ಪಾಠ ಕಳಿಸಿದವರಿಗೆ ವಿನಾಯಿತಿ ಎಂದಿದ್ದರು.

ಸಹೋದ್ಯೋಗಿ ಶೀಲಾ ಟೀಚರ್ ನೀರು ಆವಿಯಾಗುವ ಬಗ್ಗೆ ಪಾಠ ಬರೆದುಕೊಟ್ಟರು. "ನೋಡ್ಕೊಂಡು ಓದಿದ್ರೆ ಸಾಕು ಸಾರ್. ಸ್ವಲ್ಪ ನಗ್ತಾ ಓದಿ."

ಶನಿವಾರ ಮಧ್ಯಾಹ್ನ ಮೇಷ್ಟ್ರು ಮನೆಯ ಮುಂದಿನ ಕಾಫಿ ಕಣದಲ್ಲಿ ಮೊಬೈಲ್ ನಿಲ್ಲಿಸಿದರು. ಊರಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲೊಂದೇ ಕಡೆ. ಶುರು ಮಾಡಿದ್ದೇ ತಡ, ಪಕ್ಕದ ಮನೆಯ ಅಣ್ಣಯ್ಯ ಬೇಲಿಯಾಚೆಯಿಂದ ಇಣುಕಿದ.

"ಏನ್ ಮೇಷ್ಟ್ರೇ, ಒಬ್ರೇ ನಗಾಡ್ತಾ ಮಾತಾಡ್ತಾ ಇದ್ದೀರಾ? ಮೈ ಹುಷಾರಾಗೈತಾ?"

ಎರಡನೆಯ ಸಲ ಅಣ್ಣಯ್ಯನೇ ಮೊಬೈಲ್ ಹಿಡಿಯುತ್ತೇನೆಂದು ಬಂದ. ಹತ್ತು ನಿಮಿಷದ ಪಾಠದ ತುಂಬ ಬರೀ ಮೇಷ್ಟ್ರ ಹೊಟ್ಟೆ ಬಂದಿತ್ತು.

ಮೂರನೆಯ ಸಲ "ಬಿಸಿಲಿಗೆ ನೀರು ಆವಿಯಾಗಿ, ಕಾಫಿ ಹಣ್ಣು ಎರಡು ದಿನದಲ್ಲಿ ಒಣಗುತ್ತದೆ" ಎಂದು ಓದುತ್ತಿದ್ದಂತೆ, ಸೋಮವಾರದ ಕೆಲಸ ಮಾತಾಡಲು ಬಂದ ರಾಮಮ್ಮ ಸೀದಾ ಮೊಬೈಲಿನ ಎದುರಿಗೇ ನುಗ್ಗಿದಳು.

"ಎರಡು ದಿನಕ್ಕೆ ಒಣಗಕ್ಕೆ ಇದೇನ್ ಹಪ್ಪಳವಾ ಮೇಷ್ಟ್ರೇ? ಯಾರ್ ಬರ್ಕೊಟ್ರು ನಿಮ್ಗೆ? ಹದಿನೈದು ದಿನ ಬೇಕು ಕಣ್ರೀ!" ಮೊದಲೇ ಹಣ್ಣಾಗಿದ್ದವನ್ನು ಕುಯ್ದು ಕಣದಲ್ಲಿ ಒಣಹಾಕಿದ್ದರಲ್ಲಿ ಒಂದು ಹಿಡಿ ಎತ್ತಿ ಮೇಷ್ಟ್ರ ಕಿವಿಯ ಹತ್ತಿರ ಕುಲುಕಿದಳು. "ಕೇಳುಸ್ತಾ? ಗಲಗಲ ಅಂದ್ರೆ ಒಳಗಿನ್ ನೀರೆಲ್ಲ ಹೋಗೈತೆ ಅಂತ. ಸದ್ದೇ ಇಲ್ದಿದ್ರೆ ಇನ್ನೂ ಹಸಿ ಐತೆ. ಇಷ್ಟೂ ಗೊತ್ತಿಲ್ದೆ ಮಕ್ಕಳಿಗೆ ಏನ್ ಹೇಳ್ಕೊಡ್ತೀರಾ?"

ಅವಳನ್ನು ಸಾಗಹಾಕಿ ನಾಲ್ಕನೆಯ ಸಲ ಓದಿ ಮುಗಿಸುವಷ್ಟರಲ್ಲಿ ಐದಕ್ಕೆ ಎರಡೇ ನಿಮಿಷ. ಗಡಿಬಿಡಿಯಲ್ಲಿ ಕಳಿಸಿದ ಮೇಲೆ ನೋಡುತ್ತಾರೆ, ಹೋಗಿದ್ದು ಮೂರನೆಯದು! ಎರಡೆಕರೆ ಹಣ್ಣು ಉದುರಿ ಮಣ್ಣುಪಾಲಾಗುವುದು ಕಣ್ಣಿಗೆ ಕಟ್ಟಿತು.

ಆರು ಗಂಟೆಗೆ ಹೇಮಶ್ರೀ ಮೇಡಂ ಫೋನ್ ಬಂತು.

"ಗುಂಡಯ್ಯ ಸಾರ್, ಎಂಥಾ ಪಾಠ ಮಾಡಿದ್ದೀರಿ! ಇಷ್ಟು ಜನ ಕಳಿಸಿದ್ರಲ್ಲಿ ಜೀವ ಇರೋದು ಇದೊಂದಕ್ಕೇ. ನಿಮಗೆ ವಿನಾಯಿತಿ. ಆರಾಮಾಗಿ ರಜೆ ತಗೊಳ್ಳಿ."

ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಮನೆಗೆ ಬಂದ ಅಣ್ಣಯ್ಯನಿಗೂ ಕಾಫಿ ಕುಡಿಸಿ, ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಸೋಮವಾರ ಬೆಳಗ್ಗೆ ಎಂಟು ಚೀಲ, ಎಂಟು ಬುಟ್ಟಿ ಜೋಡಿಸಿಟ್ಟುಕೊಂಡು ಕಾದರು. ಒಂಬತ್ತಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ರಸ್ತೆಗೆ ಬಂದು ನೋಡಿದರೆ, ರಾಮಮ್ಮ ರೇಷ್ಮೆ ಸೀರೆ ಉಟ್ಟು ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದಾಳೆ! ಹಿಂದೆ ಅವಳ ಏಳೂ ಜನ, ಮುಡಿ ತುಂಬ ಹೂವು.

"ಎಲ್ಲಿಗೆ ಹೊರಟ್ರಿ ರಾಮಮ್ಮ?"

"ನಿಮ್ ವೀಡಿಯೋದಲ್ಲಿ ನನ್ನ ನೋಡಿ ಮೇಡಮ್ಮೋರು ನಿನ್ನೆ ಮನೆತಂಕ ಬಂದಿದ್ರು ಮೇಷ್ಟ್ರೇ. ಐದು ದಿನ ಟೀಚರ್‌ಗಳಿಗೆ ನಾವೇ ಪಾಠ ಮಾಡ್ಬೇಕಂತೆ. ಎಂಟು ಟೇಬಲ್ ಐತಂತೆ, ಟೇಬಲ್ಲಿಗೆ ಒಬ್ಬೊಬ್ರು. ಎಲ್ಲ ನಿಮ್ಮ ದಯೆ!"

"ನನ್ನ ಕಾಫಿ?" ಮೇಷ್ಟ್ರು ಜೀಪಿನ ಹತ್ತಿರ ಓಡಿದರು.

ಜೀಪು ಹೊರಟಿತು. ರಾಮಮ್ಮ ಕಿಟಕಿಯಿಂದ ತಲೆ ಹೊರಹಾಕಿ ಧೈರ್ಯ ಹೇಳಿದಳು:

"ಯೋಚ್ನೆ ಮಾಡ್ಬೇಡಿ. ಹಣ್ಣು ಕುಯ್ಯೋದು ಹೆಂಗೆ ಅಂತ ಒಂದು ವೀಡಿಯೋ ಮಾಡಿ ಕಳಿಸ್ತೀನಿ, ನೋಡ್ಕೊಂಡು ಕುಯ್ಕೊಳ್ಳಿ!"