ಮುತ್ತಣ್ಣನ ಬಲಗಾಲು

ಎಲ್ಲ ಅವಾಂತರಕ್ಕೂ ಕಾರಣ ಮುತ್ತಣ್ಣನ ಬಲಗಾಲು. ಜೀವಮಾನವಿಡೀ ಬೈಂದೂರು–ಉಡುಪಿ ದಾರಿಯಲ್ಲಿ ಬಸ್ಸು ಓಡಿಸಿದ ಕಾಲು ಅದು. ರಸ್ತೆ ಬದಿಯಲ್ಲಿ ಯಾರೇ ಕೈ ಎತ್ತಲಿ, ತಲೆ ಯೋಚಿಸುವ ಮೊದಲೇ ಬ್ರೇಕ್ ಒತ್ತಿಬಿಡುತ್ತಿತ್ತು. ಮಾಲೀಕರು ಹಾರ ಹಾಕಿ ಮುತ್ತಣ್ಣನನ್ನು ನಿವೃತ್ತಿ ಮಾಡಿ ಕಳಿಸಿದರು. ಕಾಲಿಗೆ ಆ ಸುದ್ದಿ ಯಾರೂ ತಿಳಿಸಲಿಲ್ಲ.

ಮುತ್ತಣ್ಣನಿಗೆ ಒಂದೇ ಹುಚ್ಚು, ಹಳೆಯದನ್ನು ನೋಡುವುದು. ಗುಡಿ, ಬಸದಿ, ಶಾಸನದ ಕಲ್ಲು ಎಲ್ಲವನ್ನೂ ಅವನು ಡ್ರೈವರ್ ಸೀಟಿನಿಂದ ಕತ್ತು ಚಾಚಿ ನೋಡಿದ್ದೇ ಹೊರತು ಇಳಿದು ನೋಡಿದವನಲ್ಲ. ಒಳಗೆ ಏನಿದೆಯೋ ಎಂಬ ಕುತೂಹಲ ಹಲ್ಲುನೋವಿನಂತೆ ಕಾಡುತ್ತಿತ್ತು. ಅದಕ್ಕೇ ಒಂದು ಹಳೇ ಟೆಂಪೊ ಕೊಂಡು, ಮಂಚ ಜೋಡಿಸಿ, ಗ್ಯಾಸ್ ಒಲೆ ಇಟ್ಟು, ಹೆಂಡತಿ ಜಲಜಕ್ಕನ ಸೀರೆಗಳನ್ನೇ ಪರದೆ ಮಾಡಿ ಚಕ್ರದ ಮೇಲೊಂದು ಮನೆ ಕಟ್ಟಿದ. ಇನ್ನು ಇಬ್ಬರೂ ಊರೂರು ತಿರುಗುವುದು, ಇದ್ದಬದ್ದ ಮ್ಯೂಸಿಯಂ ಎಲ್ಲ ನೋಡುವುದು ಎಂದು ತೀರ್ಮಾನವಾಯಿತು.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಮೊದಲ ಪ್ರಯಾಣ, ಹಂಗಾರಕಟ್ಟೆಗೆ. ಅಲ್ಲಿಯ ಹಳೇ ಗೋದಾಮಿನಲ್ಲಿ ಹಾಯಿಹಡಗುಗಳ ಸಾಮಾನು ಕೂಡಿಟ್ಟ ಪುಟ್ಟ ಮ್ಯೂಸಿಯಂ ಇದೆಯೆಂದೂ, ಮರುದಿನ ಅದೆಲ್ಲ ಲಾರಿ ಹತ್ತಿ ಮುಂಬಯಿ ಸೇರುವುದೆಂದೂ ಪೇಪರಿನಲ್ಲಿ ಬಂದಿತ್ತು. ಆ ಸಾಮಾನಿನಲ್ಲಿ ಮಂಜಿ ಎಂಬ ಸರಕಿನ ಹಾಯಿಹಡಗೊಂದರ ಚುಕ್ಕಾಣಿಯ ಹಿಡಿಯೂ ಇತ್ತು. ಆ ಮಂಜಿಯನ್ನು ನಡೆಸುವ ತಂಡೇಲನಾಗಿದ್ದವನು ಮುತ್ತಣ್ಣನ ಅಪ್ಪ. ಮಗನಿಗೆ ಮುಖ ಸರಿಯಾಗಿ ನೆನಪುಳಿಯುವ ಮೊದಲೇ ಅವನು ತೀರಿಕೊಂಡಿದ್ದ.

"ಅಪ್ಪ ಕೈ ಇಟ್ಟಲ್ಲಿ ಒಂದ್ಸಲ ಕೈ ಇಡ್ಕ್ ಮಾರಾಯ್ತಿ. ಇವತ್ತ್ ಬಿಟ್ರೆ ಇನ್ನಿಲ್ಲೆ" ಎಂದ ಮುತ್ತಣ್ಣ.

"ಐದ್ ಗಂಟಿಗೆ ಬಾಗ್ಲ್ ಹಾಕ್ತ್ರ್ ಅಂಬ್ರ್. ದಾರ್ಯಗೆ ಎಲ್ಲೂ ನಿಲ್ಸ್‌ಬೇಡಿ" ಎಂದಳು ಜಲಜಕ್ಕ.

ಆದರೂ ಬೈಂದೂರಿನ ಹಳೇ ಕಲ್ಲಿನ ಗುಡಿಯನ್ನು ದಾಟಿ ಹೋಗಲು ಮನಸ್ಸಾಗಲಿಲ್ಲ. ಕಂಬದ ಮೇಲಿನ ಕುಣಿಯುವ ಹೆಣ್ಣಿನ ಕೈಯಲ್ಲಿ ಬಳೆ ಎಷ್ಟಿದೆ ಎಂದು ಬಗ್ಗಿ ನೋಡುತ್ತಿದ್ದಾಗ ಹೊರಗೆ ಹಾರ್ನ್ ಕೇಳಿಸಿತು. ಮುತ್ತಣ್ಣ ಬಳೆ ಬಿಟ್ಟು ಓಡಿದ. ಯಾಕೆ ಓಡಿದೆನೆಂದು ಅವನಿಗೇ ಗೊತ್ತಿರಲಿಲ್ಲ.

ಟೆಂಪೊದಲ್ಲಿ ಜನ ಕೂತಾಗಿತ್ತು. ಗುಡ್ಡ ಎಂಬ ಮುದುಕ ಹಾರ್ನಿನ ಮೇಲೆ ಕೈಯಿಟ್ಟಿದ್ದ. "ಟೈಮ್ ಆಯ್ಲ್ಯಾ ಡ್ರೈವರ್ರೆ? ಎಷ್ಟ್ ಹೊತ್ತ್ ಕಾಯುದ್?"

"ಇದ್ ಬಸ್ಸಲ್ಲ, ನಮ್ ಮನಿ! ಇಳೀನಿ ಎಲ್ಲ!" ಜಲಜಕ್ಕ ಕೂಗುತ್ತಿದ್ದಳು.

ಮೀನು ಮಾರುವ ಪದ್ದು ಬುಟ್ಟಿಯನ್ನು ಮಂಚದ ಕೆಳಗೆ ತಳ್ಳಿ ಆರಾಮಾಗಿ ಕೂತಳು. "ಮನಿ ಆದ್ರ್ ಆಯ್ಲಿ ಅಕ್ಕ, ಚಕ್ರ ಇತ್ತಲ್ಲ. ಕುಂದಾಪ್ರದ್ ಬದಿಗೇ ಹೋಪುದ್ ಅಲ್ದಾ?"

ಯಾರೂ ಹತ್ತದಿರಲೆಂದೇ ಮುತ್ತಣ್ಣ ಎದುರಿಗೆ ದೊಡ್ಡದಾಗಿ 'ಖಾಸಗಿ' ಎಂದು ಬರೆಸಿದ್ದ. ಆ ದಾರಿಯಲ್ಲಿ ಓಡುವ ಬಸ್ಸುಗಳೆಲ್ಲ ಖಾಸಗಿಯೇ ಆಗಿದ್ದರಿಂದ ಜನಕ್ಕೆ ಇನ್ನಷ್ಟು ಧೈರ್ಯ ಬಂದಿತ್ತು.

ಅಲ್ಲಿಂದ ಮುಂದೆ ಎತ್ತಿದ ಕೈಗೆಲ್ಲ ಟೆಂಪೊ ನಿಂತಿತು.

"ಎಂತಕ್ ನಿಲ್ಸ್ತ್ರಿ?"

"ನಾ ನಿಲ್ಸ್‌ಲಿಲ್ಲೆ. ಕಾಲ್ ನಿಲ್ಸಿತ್."

ಬೈಯುತ್ತ ಬೈಯುತ್ತಲೇ ಜಲಜಕ್ಕ ಒಲೆ ಹಚ್ಚಿದಳು. ಎಷ್ಟೆಂದರೂ ಮನೆಯೊಳಗೆ ಬಂದು ಕೂತವರು. ಚಾ ಕೊಡದೆ ಕಳಿಸಲು ಅವಳಿಂದ ಆಗದು. ಚಾ ಕುಡಿದ ಗುಡ್ಡ ಅವರ ಹೊಸ ಹಾಸಿಗೆಯ ಮೇಲೆ ಕಾಲು ನೀಡಿ ಮಲಗಿಬಿಟ್ಟ. ಪದ್ದು ಕುಂದಾಪುರದಲ್ಲಿ ಇಳಿದಳು. ಬಂಗಡೆಯ ವಾಸನೆ ಇಳಿಯಲಿಲ್ಲ.

ಕುಂದಾಪುರ ದಾಟಿದ್ದೇ ಹಿಂದಿನಿಂದ ನಿಜವಾದ ಬಸ್ಸೊಂದು ಬಂತು. ಅದರ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕೂಗಿದ, "ಹ್ವಾಯ್! ನಮ್ ಟೈಮಿಗೆ ಓಡ್ಸುಕೆ ನಿಮ್ಗ್ ಯಾರ್ ಹೇಳದ್?" ಬಸ್ಸು ಟೆಂಪೊವನ್ನು ಹಿಂದಿಕ್ಕಿ ಮುಖಕ್ಕೆ ಹೊಗೆ ಬಿಟ್ಟು ಹೋಯಿತು.

ಹೊಗೆಯನ್ನಾದರೂ ಮುತ್ತಣ್ಣ ಸಹಿಸುತ್ತಿದ್ದ. ಹಿಂದೆ ಬೀಳುವುದನ್ನು ಮಾತ್ರ ಅವನು ಯಾವತ್ತೂ ಸಹಿಸಿದವನಲ್ಲ. ಬಲಗಾಲು ಈಗ ಬ್ರೇಕ್ ಬಿಟ್ಟು ಪಕ್ಕದ್ದನ್ನು ಹಿಡಿಯಿತು. ತೆಕ್ಕಟ್ಟೆ ಹೋಯಿತು, ಕೋಟ ಹೋಯಿತು, ಹಂಗಾರಕಟ್ಟೆಗೆ ತಿರುಗಬೇಕಾದ ಸಾಸ್ತಾನವೂ ಹೋಯಿತು. ಪಾತ್ರೆಗಳು ತಾಳ ಹಾಕುತ್ತಿದ್ದವು, ಜಲಜಕ್ಕ ಒಲೆಯನ್ನು ತಬ್ಬಿಕೊಂಡು ದೇವರನ್ನು ಕರೆಯುತ್ತಿದ್ದಳು. ಬ್ರಹ್ಮಾವರದಲ್ಲಿ ಬಸ್ಸನ್ನು ಹಿಂದೆ ಹಾಕಿ ಮುತ್ತಣ್ಣ ಮೀಸೆ ತಿರುವಿದ. ಆಗ ಗುಡ್ಡ ಎದ್ದು ಕೂತ.

"ತೆಕ್ಕಟ್ಟೆ ಬಂತಾ?"

ಬ್ರಹ್ಮಾವರ ಎಂದು ಕೇಳಿದ್ದೇ ಮುದುಕ ಊರು ಒಂದು ಮಾಡಿದ. "ಎಂತಾ ಡ್ರೈವರ್ ನೀ? ಜನ ಮಲ್ಗಿರೆ ಎಬ್ಸುಕಾಗ್ದಾ?" ಸುತ್ತ ಸೇರಿದ ನಾಲ್ಕು ಜನ ನ್ಯಾಯ ಹೇಳಿದರು. ತಪ್ಪೆಲ್ಲ ಡ್ರೈವರದ್ದೇ ಎಂದಾಯಿತು. ಮುತ್ತಣ್ಣ ಗುಡ್ಡನನ್ನು ತೆಕ್ಕಟ್ಟೆಗೆ ವಾಪಸು ಕರೆದೊಯ್ದು, ಮನೆ ಬಾಗಿಲಲ್ಲೇ ಇಳಿಸಿ ಬಂದ.

ಅಂತೂ ಮಧ್ಯಾಹ್ನ ಊಟವೂ ಇಲ್ಲದೆ ಟೆಂಪೊ ಹಂಗಾರಕಟ್ಟೆಯ ದಾರಿಗೆ ತಿರುಗಿತು. ಹೊಳೆಯ ಗಾಳಿ ಮುಖಕ್ಕೆ ಬಡಿಯಿತು. ಸ್ವಲ್ಪ ದೂರದಲ್ಲಿ ಕನ್ನಡಕದ ಮನುಷ್ಯನೊಬ್ಬ ಗೋಣಿ ಸುತ್ತಿದ ಉದ್ದದ ಹೊರೆಯ ಪಕ್ಕ ನಿಂತು ಕೈ ಎತ್ತಿದ.

"ಕಣ್ ಮುಚ್ಕಣಿ!" ಎಂದು ಜಲಜಕ್ಕ ಕಿರುಚಿದಳು.

"ಗಾಡಿ ಬಿಡುವವ ಕಣ್ ಮುಚ್ಚುದಾ?" ಎನ್ನುವಷ್ಟರಲ್ಲಿ ಟೆಂಪೊ ನಿಂತಿತ್ತು.

"ದೇವ್ರೇ ಕಳ್ಸದ್ ನಿಮ್ಮನ್ನ!" ಆ ಮನುಷ್ಯ ಕೈ ಮುಗಿದ. ಹೆಸರು ಶೇಖರ ಎಂದ. "ಕುಂದಾಪ್ರ ಸ್ಟೇಶನ್ನಿಗ್ ಬಿಡಿ ಮಾರಾಯ್ರೆ. ಮುಂಬೈ ರೈಲ್ ತಪ್ರೆ ನನ್ ಕೆಲ್ಸ ಹೋತ್ತ್. ರಿಕ್ಷಾದವ ಇದನ್ನ್ ಕಂಡ್ ಓಡಿಹೋದ."

ಮುತ್ತಣ್ಣ ಗಡಿಯಾರ ನೋಡಿದ. ಬಿಟ್ಟು ಬಂದರೂ ಐದರೊಳಗೆ ಮ್ಯೂಸಿಯಂ ತಲುಪಬಹುದು. ಅಳುಮೋರೆಯವನನ್ನು ರಸ್ತೆಯಲ್ಲಿ ಬಿಟ್ಟುಹೋಗಲು ಅವನಿಂದಲೂ ಆಗಲಿಲ್ಲ. ಇಬ್ಬರೂ ಸೇರಿ ಹೊರೆಯನ್ನು ಎತ್ತಿ ಹಾಕಿದರು.

"ಎಂತ ಇತ್ತ್ ಇದ್ರೊಳ್ಗೆ?"

"ಹಳೇ ಮರ" ಎಂದ ಶೇಖರ, ಗಡಿಯಾರದಿಂದ ಕಣ್ಣು ತೆಗೆಯದೆ.

"ಮುಂಬೈಯಗೆ ಮರ ಸಿಕ್ಕುದಿಲ್ಯಾ?"

"ಬೇಗ ಬಿಡಿ ಮಾರಾಯ್ರೆ" ಎಂದು ಶೇಖರ ಅವಸರ ಮಾಡಿದ. ಮಂಚವೆಲ್ಲ ಮೀನು ನಾರುತ್ತಿದ್ದುದರಿಂದ ಜಲಜಕ್ಕ ಆ ಹೊರೆಯ ಮೇಲೇ ಕೂತಳು.

ನಿಲ್ದಾಣ ಮುಟ್ಟಿದಾಗ ರೈಲು ಬಂದು ನಿಂತಿತ್ತು. ಶೇಖರನ ಡಬ್ಬಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ. ಅವನು ಎರಡು ಹೆಜ್ಜೆಗೇ ಏದುಸಿರು ಬಿಟ್ಟದ್ದನ್ನು ಕಂಡು ಮುತ್ತಣ್ಣ ಹೊರೆಯನ್ನು ತನ್ನ ಹೆಗಲಿಗೇ ಏರಿಸಿಕೊಂಡು ಓಡಿದ. ಹೆಗಲು ಕಿತ್ತುಬಂತು. "ಯಾವ ಶನಿ ಮರ ಇದ್! ಇದಕ್ಕ್ ಮೊದ್ಲ್ ಕೈ ಹಾಕದ್ ಯಾರ್ ಅಂದ್ ಕಾಣ್ಕ್ ನಂಗೆ!" ಎಂದು ದಾರಿಯುದ್ದಕ್ಕೂ ಶಪಿಸಿದ.

ಹೊರೆ ಒಳಗೆ ಸೇರಿತು. ಶೇಖರ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಂಡ. "ನಿಮ್ ಉಪಕಾರ ಮರೂಕಿಲ್ಲೆ. ಹಂಗಾರಕಟ್ಟೆ ಬದಿಗೆ ಎಂತಕ್ ಹೊರಟಿದ್ರಿ?"

"ಮ್ಯೂಸಿಯಂ ಕಾಂಬುಕೆ. ನಮ್ಮಪ್ಪ ಹಿಡ್ದ ಚುಕ್ಕಾಣಿ ಹಿಡಿ ಇತ್ತಂಬ್ರ್ ಅಲ್ಲಿ."

ಶೇಖರ ಒಳಗಿನ ಹೊರೆಯತ್ತ ತಿರುಗಿ ನೋಡಿದ. ರೈಲು ಕೂಗಿ ಹೊರಟಿತು.

"ಅಯ್ಯೋ ಮಾರಾಯ್ರೆ, ಅದಕ್ಕ್ ಬೀಗ ಹಾಕಿ ಬಂದವ ನಾನೇ! ಆ ಹಿಡಿ ಒಂದನ್ನ್ ಮಾತ್ರ ಲಾರಿಯಗೆ ಹಾಕುಕೆ ಹೆದ್ರಿ ಕೈಯಗೇ ತಕಂಡ್ ಹೊರಟದ್. ಅದೇ ಇದ್!"

ಮುತ್ತಣ್ಣ ಕೈ ಎತ್ತಿಕೊಂಡು ರೈಲಿನ ಜೊತೆ ಓಡಿದ. ಅವನು ಕೈ ಎತ್ತಿದರೆ ರೈಲು ನಿಲ್ಲಬೇಡವೇ? ನಿಲ್ಲಲಿಲ್ಲ. ಕಿಟಕಿಯಲ್ಲಿ ಗೋಣಿಯ ತುದಿ ಒಮ್ಮೆ ಕಾಣಿಸಿ ಹೋಯಿತು.

ಹಿಂದಿನಿಂದ ಬಂದ ಜಲಜಕ್ಕನಿಗೆ ಅವನು ವಿಷಯ ಹೇಳಿದ. ಅವಳು ಬೆಳಗಿನಿಂದ ಮೊದಲ ಸಲ ಮೆತ್ತಗೆ ಮಾತಾಡಿದಳು. "ಕಾಂಬುಕ್ ಆಯ್ಲಿಲ್ದಿರ್ ಎಂತಾಯ್ತ್? ಅಪ್ಪ ಕೈ ಇಟ್ಟಲ್ಲಿ ಕೈ ಇಟ್ರಿ ಅಲ್ದಾ?"

"ಕೈ ಎಂತ, ಹೆಗ್ಲೇ ಕೊಟ್ಟೆ" ಎಂದ ಮುತ್ತಣ್ಣ. ಅವನ ಕಣ್ಣು ತುಂಬಿತ್ತು. "ಅಷ್ಟ್ ದೂರ ಅವ್ರನ್ನ ಬೈಕಂಡೇ ಹೊತ್ತೆ ಕಾಣ್ ಮಾರಾಯ್ತಿ."

ಜಲಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾನ್ ಇಲ್ಲಿವರಿಗೂ ಅದ್ರ್ ಮೇಲೇ ಕೂಕಂಡ್ ಬಂದೆ!"