ಬಜ್ಜಿ ಬಿಡಿಸಲು ಬಂದ ಮಾವ

ಕೇಳಿದ ಕೂಡಲೇ ಕೈಗೆ ಬರುವ ತಿಂಡಿಗೆ ಇರುವ ರುಚಿ, ಕಾದು ಕಾದು ಸಿಗುವ ತಿಂಡಿಗೆ ಯಾಕಿಲ್ಲ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ. ಹಿರಿಯರು ಇದನ್ನು ಒಪ್ಪುವುದಿಲ್ಲ. ಕಾದು ಉಂಡರೆ ಅಮೃತ ಎನ್ನುತ್ತಾರೆ. ಹಾಗೆನ್ನುವ ಹಿರಿಯರನ್ನು ನಾನು ಗಮನಿಸಿದ್ದೇನೆ. ಊಟಕ್ಕೆ ಕರೆಯುವುದು ತುಸು ತಡವಾದರೆ ಸಾಕು, ಅಡಿಗೆಮನೆಯ ಕಡೆ ಮುಖ ಮಾಡಿ ಕೆಮ್ಮತೊಡಗುತ್ತಾರೆ. ನಮ್ಮ ಮನೆಯಲ್ಲಿ ಮಿರ್ಚಿ ಬಜ್ಜಿ ಆಗಬೇಕಾದರೆ ಮೊದಲು ಕಡಲೆಬೇಳೆ ಬೀಸಬೇಕು, ಹಿಟ್ಟು ಜರಡಿ ಹಿಡಿಯಬೇಕು, ಸಂತೆಗೆ ಒಳ್ಳೆಯ ಮೆಣಸಿನಕಾಯಿ ಬರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಹೆಂಡತಿಯ ತವರಿನಿಂದ ಯಾರಾದರೂ ಬಂದಿರಬೇಕು. ಇಷ್ಟು ಗ್ರಹಗಳು ಕೂಡಿಬರುವ ಹೊತ್ತಿಗೆ ಬಜ್ಜಿ ಬೇಕೆಂದವನ ಹಲ್ಲುಗಳು ಬಿದ್ದಿರುತ್ತವೆ. ಅದೇ ನನ್ನ ಕಚೇರಿಯೆದುರಿನ ಭಟ್ಟರ ಹೋಟೆಲಿನಲ್ಲಿ ನೋಡಿ. 'ಮಿರ್ಚಿ' ಎನ್ನಲು ತೆರೆದ ಬಾಯಿ ಮುಚ್ಚುವುದರೊಳಗೆ ತಟ್ಟೆ ಎದುರಿಗೆ ಬಂದಿರುತ್ತಿತ್ತು. ಹೇಗೂ ತೆರೆದ ಬಾಯಿ. ಮುಚ್ಚಿ ಮತ್ತೆ ತೆರೆಯುವ ಶ್ರಮ ಯಾಕೆ ಎಂದು ನಾನು ಹಾಗೇ ತೆರೆದಿಟ್ಟುಕೊಂಡು ಕೂರುತ್ತಿದ್ದೆ.

ಆಗ ನಾನು ಯಲ್ಲಾಪುರದಲ್ಲಿ ಲಾರಿ ಸಾಮಾನಿನ ಬುಕಿಂಗ್ ಏಜೆಂಟನಾಗಿದ್ದೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಚೇರಿಗಳ ಫಲಕ ಬದಲಾಗುತ್ತಿತ್ತು, ಸಾಹೇಬರುಗಳು ಬದಲಾಗುತ್ತಿದ್ದರು. ಬದಲಾಗದೆ ಉಳಿದದ್ದೆಂದರೆ ಭಟ್ಟರ ಬಾಣಲೆಯ ಎಣ್ಣೆಯೊಂದೇ ಎಂದು ಊರಿನ ಕುಹಕಿಗಳು ಹೇಳುತ್ತಿದ್ದರು. ಹುಬ್ಬಳ್ಳಿಯಿಂದ ಬಂದ ಲಾರಿಗಳು, ಬಸ್ಸುಗಳು ಅರಬೈಲ್ ಘಟ್ಟ ಇಳಿಯುವ ಮೊದಲು ನಮ್ಮ ಊರಿನಲ್ಲಿ ಉಸಿರು ಬಿಟ್ಟುಕೊಳ್ಳುತ್ತಿದ್ದವು. ಡ್ರೈವರು ಚಹಾ ಕುಡಿದು ಬೀಡಿ ಹಚ್ಚುವಷ್ಟರಲ್ಲಿ ಬಸ್ಸಿನ ಅಷ್ಟೂ ಜನ ಇಳಿದು, ತಿಂದು, ಬಾಯಿ ಸುಟ್ಟುಕೊಂಡು, ಮತ್ತೆ ಹತ್ತಬೇಕು. ಈ ಗಡಿಬಿಡಿಗೆ ತಕ್ಕ ತಿಂಡಿ ಎಂದರೆ ಮಿರ್ಚಿ. ಭಟ್ಟರು ಬಸ್ಸಿನ ಹಾರನ್ನು ಕೇಳಿದೊಡನೆ ಬಾಣಲೆಗೆ ಮೆಣಸಿನಕಾಯಿ ಬಿಡುತ್ತಿದ್ದರು. ಅದರ ವಾಸನೆ ರಸ್ತೆ ದಾಟಿ ನೇರವಾಗಿ ನನ್ನ ಕಚೇರಿಗೆ ಬರುತ್ತಿತ್ತು. ಬಸ್ಸಿನವರಿಗೆ ಬಸ್ಸು ಹೊರಡುತ್ತದೆ ಎಂಬ ಭಯವಾದರೂ ಇತ್ತು. ನನಗೆ ಎಲ್ಲಿಗೂ ಹೋಗುವುದಿರಲಿಲ್ಲ.

ಹುಬ್ಬಳ್ಳಿಯ ಲಾರಿ ಡ್ರೈವರ್ ಮಕ್ಬೂಲ್ ಸಾಬರು ನನ್ನ ಗೆಳೆಯರು. ಅವರದ್ದೊಂದು ಸಿದ್ಧಾಂತವಿತ್ತು. "ಏಜೆಂಟ್ರ, ಘಾಟ್ ಇಳಿಯೂದಂದ್ರ ಖಾಲಿ ಹೊಟ್ಟಿ ಕೆಲಸ ಅಲ್ರೀ. ಹೊಟ್ಟ್ಯಾಗ ಮಿರ್ಚಿ ಇದ್ರ ಕಣ್ಣು ತಾನ ತೆರೀತಾವ" ಎನ್ನುತ್ತಿದ್ದರು. ನಾನು ಕುರ್ಚಿ ಬಿಟ್ಟು ಕೆಳಗಿಳಿದವನಲ್ಲ, ಘಟ್ಟ ಎಲ್ಲಿಂದ ಇಳಿಯಲಿ? ಆದರೂ ಪ್ರತಿ ಲಾರಿಯ ಸುರಕ್ಷತೆಗಾಗಿ ಡ್ರೈವರುಗಳ ಜೊತೆ ನಾನೂ ತಿನ್ನುತ್ತಿದ್ದೆ.

ಹೊಟ್ಟೆ ಕೆಲವು ಕಾಲ ಸುಮ್ಮನಿತ್ತು. ಆಮೇಲೆ ಮಾತಾಡತೊಡಗಿತು. ಮೊದಲು ಎದೆಯುರಿ, ನಂತರ ಹುಳಿತೇಗು. ತೇಗು ಎಂದರೆ ನಿಮ್ಮ ಮನೆಯ ಸಾಧಾರಣ ತೇಗಲ್ಲ. ಒಮ್ಮೆ ಅಂಕೋಲೆಯ ವ್ಯಾಪಾರಿಯೊಬ್ಬರು ನನ್ನ ಮೇಜಿನೆದುರು ಬಗ್ಗಿ ತಮ್ಮ ಉಪ್ಪಿನ ಮೂಟೆಗಳ ವಿಷಯ ಹೇಳುತ್ತಿದ್ದಾಗ ನನಗೆ ಒಂದು ತೇಗು ಬಂತು. ಅವರು "ಲಾರಿ ಬಂತು" ಎಂದು ಬಾಗಿಲ ಕಡೆ ಓಡಿದರು. ಇದು ಮನೆಯವರೆಗೆ ಮುಟ್ಟಿ, ಹೆಂಡತಿ ಗಿರಿಜೆ ನನ್ನನ್ನು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಹೊಟ್ಟೆ ಒತ್ತಿದರು, ನಾಲಿಗೆ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. "ಎಣ್ಣೆಯಲ್ಲಿ ಮುಳುಗಿ ಎದ್ದ ಯಾವುದನ್ನೂ ಇನ್ನು ಮುಟ್ಟಬೇಡಿ. ಗಂಜಿ, ಮಜ್ಜಿಗೆ, ಅಷ್ಟೇ. ಇಲ್ಲದಿದ್ದರೆ ಕರುಳಿಗೆ ಹುಣ್ಣಾಗುತ್ತದೆ" ಎಂದರು. ಗಿರಿಜೆಯ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು. ಕಾರಣಗಳು ಮಾತ್ರ ಬೇರೆ ಬೇರೆ.

ನನ್ನ ಮಾತಿನ ಮೇಲೆ ಗಿರಿಜೆಗೆ ನಂಬಿಕೆಯಿರಲಿಲ್ಲ. ಕಚೇರಿಯೆದುರೇ ಹೋಟೆಲು ಇರುವಾಗ ಯಾವ ಹೆಂಡತಿ ನಂಬುತ್ತಾಳೆ? ಬನವಾಸಿ ಕಡೆಯ ತವರೂರಿಗೆ ಹೇಳಿಕಳಿಸಿ ತಂದೆಯನ್ನೇ ಕರೆಸಿಕೊಂಡಳು. ಮಾವ ವೀರಭದ್ರಪ್ಪನವರು ಹರೆಯದಲ್ಲಿ ಕುಸ್ತಿ ಆಡಿದವರು. ಪೂಜೆಯಾಗದೆ ಬಾಯಿಗೆ ನೀರು ಹಾಕದವರು. ಹುಟ್ಟಿದಂದಿನಿಂದ ಹೋಟೆಲಿನ ಮೆಟ್ಟಿಲು ಹತ್ತಿದವರಲ್ಲ ಎಂಬುದು ಅವರ ಊರಿಗೇ ಹೆಮ್ಮೆಯ ಸಂಗತಿ. ಶಿರಸಿ ಬಸ್ಸಿನಿಂದ ಇಳಿಯುವಾಗ ಒಂದು ಕೈಯಲ್ಲಿ ಬೆಣ್ಣೆಯ ಗಡಿಗೆ, ಇನ್ನೊಂದು ಕೈಯಲ್ಲಿ ಬೆತ್ತ ಹಿಡಿದಿದ್ದರು. ಬೆಣ್ಣೆ ಮಗಳಿಗೆ ಎಂದು ಗೊತ್ತಾಯಿತು. ಬೆತ್ತ ಯಾರಿಗೆಂದು ನಾನು ಕೇಳಲಿಲ್ಲ.

"ಏನ್ರೀ ಅಳಿಯಂದಿರ, ಮೆಣಸಿನಕಾಯ್ಗೆ ಹಿಟ್ಟು ಮೆತ್ತಿದ್ದಕ್ಕ ಜೀವಾ ಕಳಕೊಳ್ಳಾಕ ಹತ್ತೀರಂತ?" ಎಂದರು.

"ಹಂಗೇನಿಲ್ರಿ ಮಾವಾರ" ಎನ್ನಲು ಬಾಯಿ ತೆರೆದೆ. ಮಾತಿಗೆ ಬದಲು ತೇಗು ಬಂತು. ವಿಚಾರಣೆ ಅಲ್ಲಿಗೇ ಮುಗಿಯಿತು.

ಮರುದಿನದಿಂದ ಮಾವ ನನ್ನ ಕಚೇರಿಯ ಬೆಂಚಿನ ಮೇಲೆ ಠಿಕಾಣಿ ಹೂಡಿದರು. ಬೆಳಗ್ಗೆ ನನ್ನೊಡನೆ ಬರುವುದು, ಮಧ್ಯಾಹ್ನ ನನ್ನೊಡನೆ ಮನೆಗೆ ಹೋಗಿ ನಾನು ಗಂಜಿ ಕುಡಿಯುವುದನ್ನು ನೋಡುತ್ತ ರೊಟ್ಟಿ, ಬೆಣ್ಣೆ, ಎಣ್ಣೆಗಾಯಿ ಉಣ್ಣುವುದು, ಮತ್ತೆ ಬೆಂಚು. ನಾನು ಎದ್ದರೆ ಅವರೂ ಏಳುತ್ತಿದ್ದರು. ನಾನು ಹಿತ್ತಿಲಿಗೆ ಹೋದರೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಹೀಗಿರುವಾಗ ಬಸ್ಸು ಬರುತ್ತಿತ್ತು, ಭಟ್ಟರು ಬಾಣಲೆಗೆ ಕೈ ಹಾಕುತ್ತಿದ್ದರು, ವಾಸನೆ ರಸ್ತೆ ದಾಟುತ್ತಿತ್ತು. ನಾನು ಮೂಗು ಮುಚ್ಚಿಕೊಂಡು ಕೂತಿರುತ್ತಿದ್ದೆ. ಮಾವನವರ ಮೂಗನ್ನು ಮುಚ್ಚುವವರು ಯಾರೂ ಇರಲಿಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದು ತಡವಾಗಿ.

"ಎಂಥಾ ಹೊಲಸು ವಾಸನಿ ಇದು" ಎಂದು ಮೊದಲು ಹೇಳಿದರು. ಎರಡು ದಿನ ಬಿಟ್ಟು "ಭಾಳ ವಾಸನಿ ಅಲ್ರೀ ಇದು" ಎಂದರು. ಆಮೇಲೆ ಒಂದು ದಿನ ಬಸ್ಸು ಬರುವುದು ತಡವಾದಾಗ "ಯಾಕ್ರೀ, ಇವತ್ತ ವಾಸನೀನ ಬರವಲ್ದು?" ಎಂದು ಕೇಳಿದರು. ಆ ದಿನವೇ ಅವರ ಸಿಟ್ಟು ಏರಿತು. "ಊರ ಮಂದೀಗೆಲ್ಲ ವಿಷಾ ಹಾಕಾಕ ಹತ್ಯಾನ ಈ ಭಟ್ಟ. ಹೋಗಿ ಎರಡು ಮಾತು ಕೇಳೇ ಬರ್ತೇನಿ" ಎಂದು ಬೆತ್ತ ಹಿಡಿದು ರಸ್ತೆ ದಾಟಿದರು.

ಹೋಟೆಲಿನಲ್ಲಿ ನಡೆದದ್ದನ್ನು ಆಮೇಲೆ ಮಕ್ಬೂಲ್ ಸಾಬರು ನನಗೆ ಹೇಳಿದರು. ಮಾವ ಮೆಟ್ಟಿಲ ಕೆಳಗೇ ನಿಂತು ಬಹಳ ಹೊತ್ತು ಬೈದರಂತೆ. ಭಟ್ಟರು ಬಜ್ಜಿ ಎತ್ತುವ ಜಾರಾ ಹಿಡಿದುಕೊಂಡು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ನೀವು ಹೇಳೂದು ಖರೆ ಇರ್ಬಹುದು ಮಾರಾಯ್ರೆ. ಆದ್ರೆ ತಿನ್ನದೇ ಬೈದ್ರೆ ಅದು ಬರೀ ಸಿಟ್ಟಾಗ್ತದೆ. ಒಂದು ತಿಂದ್ಕಂಡು ಬೈಯಿರಿ. ಆಗ ನಂಗೆ ಎಂತ ಹೇಳ್ಲಿಕ್ಕೂ ಬರೂದಿಲ್ಲ" ಎಂದರಂತೆ. ನ್ಯಾಯದ ಮಾತು. ಮಾವ ನ್ಯಾಯಕ್ಕೆ ಬೆಲೆ ಕೊಡುವವರು. ಬೆತ್ತವನ್ನು ಗೋಡೆಗೆ ಒರಗಿಸಿದರು.

ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಬಸ್ಸು ಹೋಯಿತು, ಇನ್ನೊಂದು ಬಂತು. ಕಡೆಗೆ ಮಾವ ರಸ್ತೆ ದಾಟಿ ಬಂದರು. ಮೂಗು ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು, ಮೀಸೆಯ ಮೇಲೆ ಕಡಲೆಹಿಟ್ಟಿನ ಒಂದು ಚೂರು ಕೂತಿತ್ತು.

"ಏನಾತ್ರಿ ಮಾವಾರ?"

"ವಿಚಾರಣಿ ನಡದೈತಿ" ಎಂದರು ಗಂಭೀರವಾಗಿ. "ಒಂದ ದಿನದಾಗ ಮುಗಿಯೂ ಪೈಕಿ ಅಲ್ಲ ಇದು."

ವಿಚಾರಣೆ ನಿಜಕ್ಕೂ ದಿನಾ ನಡೆಯಿತು. ಮಿರ್ಚಿಯ ವಿಚಾರಣೆ ಮುಗಿದು ಉಳ್ಳಾಗಡ್ಡಿ ಬಜ್ಜಿಯ ವಿಚಾರಣೆಗೆ ಹೋಯಿತು. ಅದರ ಸಂಬಂಧಿಕರಾದ ಬಾಳೆಕಾಯಿ ಬಜ್ಜಿ, ಗೋಳಿಬಜೆ ಇವುಗಳನ್ನೂ ಕರೆಸಲಾಯಿತು. ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದವರು ಒಳಗೆ ಪರದೆ ಹಾಕಿದ ಕೋಣೆಯಲ್ಲಿ ಕೂರತೊಡಗಿದರು. ಪ್ರತಿ ಸಲ ರಸ್ತೆ ದಾಟುವ ಮೊದಲು ನನ್ನ ಕಡೆ ಬೆರಳು ತೋರಿಸಿ, "ನೀವು ಮಾತ್ರ ಈ ಹೊಸ್ತಿಲಾ ದಾಟಬ್ಯಾಡ್ರಿ. ಕರುಳು ಅನ್ನೂದು ಮತ್ತ ಹುಟ್ಟೂದಲ್ಲ" ಎಂದು ಎಚ್ಚರಿಸಿ ಹೋಗುತ್ತಿದ್ದರು. ಬಂದ ಮೇಲೆ ಎಣ್ಣೆಬಾಯಿಂದ ನನಗೆ ಆರೋಗ್ಯದ ಉಪದೇಶ ನಡೆಯುತ್ತಿತ್ತು. ಆ ಉಪದೇಶವನ್ನು ನಾನು ಬಹಳ ಹತ್ತಿರ ಕೂತು ಕೇಳುತ್ತಿದ್ದೆ. ಉಪದೇಶದ ಗಾಳಿಯಲ್ಲಿ ಓಮದ ಘಮ ಇರುತ್ತಿತ್ತು.

ಗಿರಿಜೆಗೆ ಹೇಳಿಬಿಡೋಣ ಎಂದು ಹಲವು ಸಲ ಅನ್ನಿಸಿತು. ಆದರೆ ನನ್ನ ಮಾತನ್ನು ನಂಬುವವರು ಯಾರು? ಬಜ್ಜಿ ತಿಂದು ಹೊಟ್ಟೆ ಕೆಡಿಸಿಕೊಂಡ ಗಂಡ, ಹೋಟೆಲಿನ ಮೆಟ್ಟಿಲು ಹತ್ತದ ಅಪ್ಪನ ಮೇಲೆ ದೂರು ಹೇಳಿದರೆ ಕೇಳುವ ಮಗಳು ಭೂಮಿಯ ಮೇಲಿಲ್ಲ. ಅತ್ತ ಮಾವನವರ ಊಟ ಇಳಿಯುತ್ತ ಬಂತು. ರೊಟ್ಟಿಯ ರಾಶಿಯನ್ನೇ ಮುಗಿಸುತ್ತಿದ್ದವರು ತುಣುಕು ಮುರಿದು ಕೈ ತೊಳೆಯತೊಡಗಿದರು.

"ಯಾಕಪ್ಪಾ, ಉಣ್ಣವಲ್ಲಿ?" ಎಂದು ಗಿರಿಜೆ ಕೇಳಿದಳು.

"ಇವತ್ತ ಸೋಮವಾರ ಅಲ್ಲೇನವಾ, ಉಪವಾಸ."

"ಇವತ್ತ ಬುಧವಾರ!"

"ಹೋದ ಸೋಮವಾರದ್ದು ಬಾಕಿ ಇತ್ತು" ಎಂದು ಮಾವ ಎದ್ದುಹೋದರು.

ಗಿರಿಜೆ ನನ್ನ ಕಡೆ ತಿರುಗಿದಳು. "ನೋಡ್ರಿ, ನಿಮ್ಮ ಚಿಂತ್ಯಾಗ ನಮ್ಮಪ್ಪ ಅನ್ನಾ ಬಿಟ್ಟಾನ. ಕುಸ್ತಿ ಆಡಿದ ಜೀವಾ ಹೆಂಗ ಸೊರಗೈತಿ ನೋಡ್ರಿ. ನಿಮಗರ ಕರುಣಾ ಐತೇನು?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಗಂಜಿಯ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಕುಡಿದೆ. ಅಳುತ್ತಿದ್ದೇನೆ ಎಂದುಕೊಂಡಳು.

ಇದು ಹೀಗೇ ನಡೆಯುತ್ತಿತ್ತೋ ಏನೋ. ಒಂದು ಮಧ್ಯಾಹ್ನ ಮಾವ ಹೋಟೆಲಿನಿಂದ ಬಂದವರು ಬೆಂಚಿನ ಮೇಲೆ ಕೂರದೆ ಮಲಗಿದರು. ಹೊಟ್ಟೆ ಹಿಡಿದುಕೊಂಡು "ಶಿವಾ" ಎಂದರು. ಮಕ್ಬೂಲ್ ಸಾಬರು ಅವರನ್ನು ಲಾರಿಯಲ್ಲೇ ಕೂರಿಸಿಕೊಂಡು ದವಾಖಾನೆಗೆ ತಂದರು. ಸುದ್ದಿ ಕೇಳಿ ಗಿರಿಜೆ ಬರಿಗಾಲಲ್ಲಿ ಓಡಿಬಂದಳು. ನನಗೂ ನಗೆಯೆಲ್ಲ ಹಾರಿಹೋಗಿತ್ತು. ಅಷ್ಟು ದೊಡ್ಡ ಆಳು ಮಗುವಿನಂತೆ ಮುದುಡಿಕೊಂಡು ನನ್ನ ಕೈ ಹಿಡಿದಿದ್ದರು. ಡಾಕ್ಟರು ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ, "ಇವರಲ್ಲಿ ರೋಗಿ ಯಾರು, ಕಾವಲು ಯಾರು?" ಎಂದರು. ಮಾವನವರ ಹೊಟ್ಟೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದರು.

ಆಗ ಬಂತು. ನನ್ನ ತೇಗು ಲಾರಿಯದ್ದಾದರೆ ಮಾವನವರದ್ದು ಘಟ್ಟ ಹತ್ತುವ ಲಾರಿಯದ್ದು. ಅದರ ಬೆನ್ನಿಗೇ ಮಿರ್ಚಿ, ಉಳ್ಳಾಗಡ್ಡಿ, ಓಮ ಎಲ್ಲವೂ ಕೂಡಿದ ಘಮ ಕೋಣೆಯಲ್ಲಿ ಹರಡಿತು. ಡಾಕ್ಟರು ಕಿಟಕಿ ತೆರೆದರು. ಗಿರಿಜೆ ಅಪ್ಪನ ಮುಖವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಮಾವ ಕಣ್ಣು ಮುಚ್ಚಿಕೊಂಡು ಸತ್ತವರಂತೆ ಮಲಗಿದರು.

ಔಷಧಿ, ಗಂಜಿ, ವಿಶ್ರಾಂತಿಯಿಂದ ಮಾವ ವಾರದೊಳಗೆ ಎದ್ದು ಕೂತರು. ಕಡೆಗೆ ಒಂದು ಸಂಜೆ ಗಿರಿಜೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಮ್ಮನಿ ಇಬ್ಬರು ಗಂಡಸರನ್ನ ಹಾಳು ಮಾಡಿದ್ದು ಏನಂತ ನಾನ ನೋಡ್ತೇನಿ" ಎಂದು ಹೊರಟಳು. ನಾನೂ ಮಾವನೂ ಹಿಂದೆಯೇ ಹೋಗಿ ಕಚೇರಿಯ ಕಿಟಕಿಗೆ ಮುಖ ಹಚ್ಚಿ ನಿಂತೆವು. ಅವಳು ಹೋಟೆಲಿನೊಳಗೆ ಹೋದಳು. ಭಟ್ಟರು ಎದ್ದು ನಿಂತದ್ದು ಕಂಡಿತು. ಪರದೆ ಸರಿದದ್ದು ಕಂಡಿತು. ಆಮೇಲೆ ಏನೂ ಕಾಣಲಿಲ್ಲ.

"ಭಟ್ಟನ್ನ ಹೊಡದಾಳೇನ್ರೀ?" ಎಂದು ಮಾವ ಪಿಸುಗುಟ್ಟಿದರು.

ಹೊತ್ತು ಮುಳುಗುವ ಸುಮಾರಿಗೆ ಗಿರಿಜೆ ರಸ್ತೆ ದಾಟಿ ಬಂದಳು. ಮೂಗು ಕೆಂಪಾಗಿತ್ತು. ಅವಳು ಬಹಳ ಯೋಚಿಸಿ, "ಚಟ್ನಿಗೆ ಉಪ್ಪು ಕಡಿಮಿ ಆತು. ಹೇಳಿ ಬಂದೇನಿ" ಎಂದಳು.

ಅಂದಿನಿಂದ ಸಂತೆಯ ದಿನ ತಂದೆ ಮಗಳು ಇಬ್ಬರೂ ಪರದೆಯ ಕೋಣೆಗೆ ಹೋಗಿಬರುವುದು ಪದ್ಧತಿಯಾಯಿತು. ನಾನೂ ಬರಲೇ ಎಂದು ಒಮ್ಮೆ ಕೇಳಿದೆ. ಗಿರಿಜೆ ಗಾಬರಿಯಾದಳು. "ನಿಮಗ ಹೊಟ್ಟಿ ಸರಿ ಇಲ್ಲಲ್ರೀ! ನನ್ನ ಹೊಟ್ಟಿ ಮೊದಲಿಂದ ಗಟ್ಟಿ."

"ಮಾವಾರ್ದು?"

"ನನಗ ವಯಸ್ಸಾತ್ರಿ ಅಳಿಯಂದಿರ" ಎಂದರು ಮಾವ ಮೆಲ್ಲಗೆ. "ಇನ್ನ ಎಷ್ಟ ದಿನಾ ತಿಂದೇನು? ನೀವು ಬದುಕಿ ಬಾಳಬೇಕಾದವರು." ನಾನು ಬದುಕಿ ಬಾಳುವುದನ್ನು ಮುಂದುವರಿಸಿದೆ. ತೇಗು ನಿಂತಿತು, ಎದೆಯುರಿ ಹೋಯಿತು. ಡಾಕ್ಟರು ಬೇರೆ ರೋಗಿಗಳಿಗೆ ನನ್ನನ್ನು ಮಾದರಿಯಾಗಿ ತೋರಿಸತೊಡಗಿದರು. ಹೊಟ್ಟೆ ಇಷ್ಟು ಚೆನ್ನಾಗಿ ರಿಪೇರಿಯಾಗಿ, ಅದರೊಳಗೆ ಹಾಕಲು ಗಂಜಿ ಬಿಟ್ಟು ಬೇರೇನೂ ಇಲ್ಲದಿದ್ದ ಮನುಷ್ಯ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮಾವ ಊರಿಗೆ ಹೊರಟ ದಿನ ಬಸ್ ನಿಲ್ದಾಣಕ್ಕೆ ಕಳಿಸಲು ಹೋಗಿದ್ದೆ. ಅವರ ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವಿತ್ತು. ಎಣ್ಣೆ ಆಗಲೇ ಹಾಳೆಯ ಹೊರಗೆ ಬಂದಿತ್ತು. ಬಸ್ಸಿನ ಬಾಗಿಲಲ್ಲಿ ನಿಂತು ಸುತ್ತಮುತ್ತ ನೋಡಿ, ಅದನ್ನು ನನ್ನ ಬಲಗೈಗಿಟ್ಟರು. ನನ್ನ ಎದೆ ತುಂಬಿಬಂತು. ಎಷ್ಟಾದರೂ ಹೆಣ್ಣು ಕೊಟ್ಟ ಮಾವ, ಅಳಿಯನ ಕಷ್ಟ ತಿಳಿಯದೆ ಇರುತ್ತದೆಯೇ ಎಂದುಕೊಂಡೆ.

"ಸ್ವಲ್ಪ ಹಿಡ್ಕೊಳ್ರಿ. ನಾ ಹತ್ತಿ ಕುಂದರ್ತೇನಿ" ಎಂದರು.

ಹತ್ತಿದರು, ಕಿಟಕಿಯ ಬಳಿ ಕೂತರು, ಕೈ ಹೊರಗೆ ಚಾಚಿದರು. ಬೆಚ್ಚಗಿದ್ದ ಪೊಟ್ಟಣವನ್ನು ಆ ಕೈಯಲ್ಲಿಟ್ಟೆ. ಬಸ್ಸು ಹೊರಟಿತು.

ಮನೆಗೆ ಬಂದಾಗ ಗಿರಿಜೆ ಕೈಗೆ ನೀರು ಕೊಟ್ಟಳು. ನಾನು ಎಡಗೈ ಮಾತ್ರ ತೊಳೆದುಕೊಂಡೆ. ದಿನವೂ ಲೋಟದಲ್ಲಿ ಕುಡಿಯುತ್ತಿದ್ದ ಗಂಜಿಯನ್ನು ಅಂದು ತಾಟಿಗೆ ಹಾಕಿಸಿಕೊಂಡು, ಬಲಗೈಯಲ್ಲಿ ಕಲಸಿ, ಒಂದೊಂದು ತುತ್ತಿಗೂ ಬೆರಳು ಚೀಪಿ ಉಂಡೆ.

"ಅಷ್ಟು ರುಚಿ ಆಗೇತೇನ್ರೀ ಗಂಜಿ?" ಎಂದು ಗಿರಿಜೆ ಬೆರಗಾಗಿ ಕೇಳಿದಳು.

"ಭಾಳ ರುಚಿ ಆಗೇತಿ" ಎಂದೆ.

ಮದುವೆಯಾದಂದಿನಿಂದ ನಾನು ಅವಳ ಅಡಿಗೆಯನ್ನು ಹೀಗೆ ಹೊಗಳಿರಲಿಲ್ಲ. ಅವಳ ಮುಖ ಅರಳಿತು. ಮರುದಿನದಿಂದ ನನಗೆ ಎರಡು ಹೊತ್ತಿನ ಜೊತೆಗೆ ಸಂಜೆಯೂ ಗಂಜಿ ನಿಗದಿಯಾಯಿತು.